ನಡುವೆ ಆಧಾರವಿಲ್ಲದ ಬೋರ್ಡು

ಆ ಎರಡು ಕೀಬೋರ್ಡುಗಳನ್ನು ಬಿಚ್ಚಿ ಪಕ್ಕಪಕ್ಕದಲ್ಲಿ ಇಟ್ಟದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ನೋಡಿದಷ್ಟನ್ನೇ ಬರೆಯುತ್ತೇನೆ.

ಎಂಬತ್ತರ ದಶಕದ ಮೊದಲ ವರ್ಷಗಳು. ಮಣಿಪಾಲದ ಒಂದು ಮುದ್ರಣಾಲಯದಲ್ಲಿ ಸೀಸದ ಅಚ್ಚುಮೊಳೆ ಜೋಡಿಸುವ ಕೆಲಸ ನಿಲ್ಲುತ್ತಾ ಬಂದು, ಕೀಬೋರ್ಡಿನಲ್ಲಿ ಒತ್ತಿದ ಅಕ್ಷರ ಫಿಲ್ಮಿನ ಮೇಲೆ ಮೂಡುವ ಯಂತ್ರಗಳು ಬಂದಿದ್ದವು. ನಾನು ಕಾಪುವಿನಿಂದ, ನನ್ನ ಗೆಳತಿ ಕಾರ್ಕಳದಿಂದ ಬಸ್ಸಿನಲ್ಲಿ ಬಂದು ಅಲ್ಲಿ ಅಕ್ಕಪಕ್ಕ ಕೂರುತ್ತಿದ್ದೆವು. ಇಬ್ಬರೂ ಉಡುಪಿಯ ಒಂದೇ ಟೈಪಿಂಗ್ ಕ್ಲಾಸಿನಲ್ಲಿ ಕಲಿತವರು. ಅಲ್ಲಿಯ ಮಾಸ್ಟ್ರು ನಮ್ಮ ಮೇಲಿನ ಹಾಳೆಯನ್ನು ನೋಡುತ್ತಲೇ ಇರಲಿಲ್ಲ. ಕಾರ್ಬನ್ ಪ್ರತಿಗಳಲ್ಲಿ ಕಟ್ಟಕಡೆಯದನ್ನು ಎಳೆದು, ಅಕ್ಷರ ಅಲ್ಲಿಯವರೆಗೂ ಮೂಡಿದೆಯೇ ಎಂದು ಬೆಳಕಿಗೆ ಹಿಡಿಯುತ್ತಿದ್ದರು. "ಎಂತ ಮಾರಾಯ್ತಿ, ಶಂಕರಪುರದ ಮಲ್ಲಿಗೆ ಕಟ್ಟುವುದಾ ನೀನು? ಕುಟ್ಟು!" ಎನ್ನುತ್ತಿದ್ದರು. ನಾವು ಕುಟ್ಟಲು ಕಲಿತೆವು.

ನನಗೆ ಸಿಕ್ಕಿದ್ದು ಹಳೆಯ ಕೀಬೋರ್ಡು. ಅವಳು ಕಿಟಕಿಯ ಗಾಳಿಗೆ ಆಸೆಪಟ್ಟು ಆ ಬದಿಯ ಕುರ್ಚಿ ಹಿಡಿದಳು, ಅಲ್ಲಿದ್ದದ್ದು ಹೊಸದು. ಕೆಲವು ತಿಂಗಳಲ್ಲಿ ಅವಳ ಪುಟಗಳಲ್ಲಿ ಅಕ್ಷರಗಳು ಬಿಟ್ಟುಹೋಗತೊಡಗಿದವು. ಒಮ್ಮೆ ಒತ್ತಿದರೆ ಬರುವುದಿಲ್ಲ, ಇನ್ನೊಮ್ಮೆ ಎರಡೆರಡು ಬರುತ್ತವೆ. ಕರಡು ತಿದ್ದುವವರ ಕೆಂಪು ಶಾಯಿ ಹೆಚ್ಚಿತು. ಕೆಲಸ ಖಾಯಂ ಆದರೆ ಮನೆಯವರು ತಂದಿದ್ದ ಮದುವೆಯ ಮಾತನ್ನು ನಿಲ್ಲಿಸಬಹುದು ಎಂದು ಅವಳು ಕಾದಿದ್ದಳು. ಅದು ನಮ್ಮ ಮೇಲ್ವಿಚಾರಕರಿಗೂ ಗೊತ್ತಿತ್ತು.

ಒಂದು ದಿನ ಊಟದ ಹೊತ್ತಿಗೆ ನಾನು ಅವಳ ಕುರ್ಚಿಯಲ್ಲಿ ಕುಳಿತು ಹೊಡೆದು ನೋಡಿದೆ. ನಡುವಿನ ಒಂದು ಕೀಯನ್ನು ಒತ್ತಿದರೆ ಅಕ್ಕಪಕ್ಕದವೂ ತುಸು ತಗ್ಗುತ್ತಿದ್ದವು. ನನ್ನ ಅಕ್ಷರಗಳೂ ಬಿಟ್ಟುಹೋದವು. ಮೇಲ್ವಿಚಾರಕರಿಗೆ ಹೇಳಿದೆ.

"ನೀವಿಬ್ಬರು ದೋಸ್ತಿ ಅಲ್ವಾ?" ಅಂದರು.

"ಒಳಗಿನ ಬೋರ್ಡು ಬಗ್ಗುತ್ತದೆ ಸರ್. ನೀವೇ ಒತ್ತಿ ನೋಡಿ."

"ಒಳಗೆ ಎಂತ ಇದ್ದರೆ ಎಂತ? ಒತ್ತುವುದು ಬೋರ್ಡಾ, ಬೆರಳಾ?"

ಅವರು ಒತ್ತಿ ನೋಡಲಿಲ್ಲ. ತಿಂಗಳ ಕೊನೆಗೆ ಅವಳನ್ನು ಕೆಲಸದಿಂದ ಬಿಡಿಸಿದರು. ಅವಳು ಚೀಲಕ್ಕೆ ಬುತ್ತಿ ಹಾಕಿಕೊಂಡು, ಕೀಬೋರ್ಡಿಗೆ ಹೊದಿಕೆ ಹಾಕಿ, ಅದರ ಸುಕ್ಕು ಸರಿಪಡಿಸಿ ಹೋದಳು.

ಯಂತ್ರ ರಿಪೇರಿಯವನು ಹೊರ ಊರಿನಿಂದ ಬಂದದ್ದು ಅನಂತರ. ಎರಡನ್ನೂ ಬಿಚ್ಚಿದ. ನನ್ನ ಕೀಬೋರ್ಡಿನಲ್ಲಿ ಕೀಗಳು ಒಂದು ಉಕ್ಕಿನ ತಗಡಿನಲ್ಲಿ ಕೂತಿದ್ದವು, ತಾಮ್ರದ ಗೆರೆಗಳಿದ್ದ ಬೋರ್ಡು ಅದರ ಕೆಳಗೆ. ಏಟನ್ನು ತಗಡು ತಾಳುತ್ತಿತ್ತು. ಅವಳದರಲ್ಲಿ ತಗಡೇ ಇರಲಿಲ್ಲ. ರಟ್ಟಿನಂಥ ತೆಳ್ಳನೆಯ ಕಂದು ಬೋರ್ಡಿಗೆ ಕೀಗಳನ್ನು ನೇರ ಬೆಸುಗೆ ಹಾಕಿದ್ದರು; ಸ್ಕ್ರೂ ಇದ್ದದ್ದು ಮೂಲೆಗಳಲ್ಲಿ ಮಾತ್ರ. ಅವನು ನನಗೂ ಮಸೂರ ಕೊಟ್ಟ. ಕೆಲವು ಕೀಗಳ ಕಾಲಿನ ಸುತ್ತ ಬೆಸುಗೆ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು; ಬೋರ್ಡು ಬಗ್ಗಿದಾಗ ಅಲ್ಲಿ ಸಂಪರ್ಕ ತಪ್ಪುತ್ತಿತ್ತು.

"ಮೆತ್ತಗೆ ಒತ್ತುವವರಿಗೆ ಇದೂ ಸಾಕು," ಅಂದ. "ಕುಟ್ಟುವವರಿಗೆ ಸಾಲದು." ಮತ್ತೆ ಬೆಸುಗೆ ಹಾಕಿ, ಬೋರ್ಡಿನ ನಡುವೆ ಕೆಳಗಿನಿಂದ ಒಂದು ರಬ್ಬರ್ ತುಂಡಿನ ಆಧಾರ ಕೊಟ್ಟು ಮುಚ್ಚಿದ.

ಆ ಕುರ್ಚಿಗೆ ಹೊಸ ಹುಡುಗಿ ಬಂದಳು. ಅದೇ ಕ್ಲಾಸಿನವಳು, ಅದೇ ಕುಟ್ಟಾಟ. ಒಂದಕ್ಷರವೂ ಬಿಟ್ಟುಹೋಗಲಿಲ್ಲ. ಯಾರೋ ಮುದ್ರಣಾಲಯ ನೋಡಲು ಬಂದಾಗ ಮೇಲ್ವಿಚಾರಕರು ಅವಳ ಹಿಂದೆ ನಿಂತು, "ಕೀಬೋರ್ಡು ಅದೇ ಮಾರಾಯ್ರೆ. ಬೆರಳು ಬದಲಾಯಿತು, ಅಷ್ಟೇ," ಎಂದರು.

"ಒಳಗೆ ರಬ್ಬರ್ ಇಟ್ಟಿದ್ದಾರೆ ಸರ್," ಎಂದೆ.

"ಇವಳೊಬ್ಬಳು ಎಂಜಿನಿಯರು!" ಎಂದು ಅವರು ನಕ್ಕರು. ಬಂದವರೂ ನಕ್ಕರು.

ಮುಂದಿನ ಬೇಸಿಗೆಯಲ್ಲಿ ಉಡುಪಿಯ ಬಸ್ ನಿಲ್ದಾಣದಲ್ಲಿ ಅವಳು ಸಿಕ್ಕಿದಳು. ಕೊರಳಲ್ಲಿ ಕರಿಮಣಿ. ಗಂಡ ಸ್ವಲ್ಪ ದೂರದಲ್ಲಿ ಟಿಕೆಟಿನ ಚಿಲ್ಲರೆಗಾಗಿ ಪರದಾಡುತ್ತಿದ್ದ. ನಾನು ಎಲ್ಲವನ್ನೂ ಹೇಳಿದೆ: ತಗಡು, ಬೋರ್ಡು, ಬಿರುಕು. ಅವಳು ಕೇಳಿದ್ದು ಒಂದೇ.

"ಆ ರಬ್ಬರ್ ತುಂಡು ಎಷ್ಟು ದೊಡ್ಡದುಂಟು?"

ನಾನು ಹೆಬ್ಬೆರಳ ತುದಿ ತೋರಿಸಿದೆ. ಕಾರ್ಕಳದ ಬಸ್ಸು ಬಂದು, ಗಂಡ ಕರೆಯುವವರೆಗೂ ಅವಳು ಅದನ್ನೇ ನೋಡುತ್ತಿದ್ದಳು.