ಕಥೆಯ ಕೆಳಗೆ ಹಲೋ ಅತ್ತೆಯ ಮಾತು

ಬೀದಿಯವರು ಅವರಿಗೆ ಹಲೋ ಅತ್ತೆ ಎಂದೇ ಹೆಸರಿಟ್ಟಿದ್ದರು. ದುಡಿಯುವ ಕಾಲವನ್ನೆಲ್ಲ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಫೋನ್ ಕರೆ ಜೋಡಿಸುತ್ತ ಕಳೆದವರು. ಊರವರ ಜಗಳ, ರಾಜಿ, ಪ್ರೇಮ ಎಲ್ಲ ಕಿವಿಯ ಪಕ್ಕದಲ್ಲೇ ಹಾದುಹೋದರೂ ನಡುವೆ ಬಾಯಿ ಹಾಕಿದವರಲ್ಲ. ಆಗ ನುಂಗಿಕೊಂಡ ಮಾತನ್ನೆಲ್ಲ ನಿವೃತ್ತಿಯ ನಂತರ ಬಡ್ಡಿ ಸಮೇತ ಆಡುತ್ತಿದ್ದಾರೆ ಎಂದು ಸೊಸೆ ನಗುತ್ತಾಳೆ.

ಕಣ್ಣಿನ ಪೊರೆ ತೆಗೆಸಿದ ಮೇಲೆ ಡಾಕ್ಟರು ಮೊಬೈಲು ಬೇಡವೆಂದರು. ಅದೇ ಹೊತ್ತಿಗೆ ಅವರ ಮೆಚ್ಚಿನ ಟೀವಿ ಧಾರಾವಾಹಿಯೂ ಮುಗಿದಿತ್ತು. ನಾಯಕನಾದ ಕಡಲತೀರದ ದೀಪಸ್ತಂಭದ ಕಾವಲುಗಾರನನ್ನೂ ನಾಯಕಿ ಡಾಕ್ಟರಮ್ಮನನ್ನೂ ಅಗಲಿಸಿ ಧಾರಾವಾಹಿಯವರು ಕೈತೊಳೆದುಕೊಂಡಿದ್ದರು. ಅಭಿಮಾನಿಗಳು ಇಂಥ ಕಥೆಗಳನ್ನು ತಮ್ಮಿಷ್ಟದಂತೆ ಮುಂದುವರಿಸಿ ಬರೆಯುವ ಜಾಲತಾಣವೊಂದನ್ನು ಸೊಸೆ ಹುಡುಕಿದಳು. ಅಲ್ಲಿ ‘ಕಡಲಹಕ್ಕಿ’ ಎಂಬ ಹೆಸರಿನಲ್ಲಿ ಯಾರೋ ಒಬ್ಬಳು ಅವರಿಬ್ಬರನ್ನೂ ಮತ್ತೆ ಒಂದೇ ದೋಣಿಯಲ್ಲಿ ಕೂರಿಸಿದ್ದಳು. ಹೊಲಿಗೆ ಯಂತ್ರ ನಿಲ್ಲಿಸಿ ಸೊಸೆ ಓದುವುದು, ಕಪ್ಪು ಕನ್ನಡಕದ ಅತ್ತೆ ಗೋಡೆಗೊರಗಿ ಕೇಳುವುದು. ಮಧ್ಯಾಹ್ನಗಳಿಗೆ ರುಚಿ ಬಂತು.

ಕಥೆಯಲ್ಲಿ ದೋಣಿ ಮಗುಚಿದ ದಿನ ಅತ್ತೆ ಸಿಡುಕಿದರು.

“ಇದೇನೇ ಇದು! ಮುಳುಗ್ತಾ ಇರೋನು ಇಷ್ಟುದ್ದ ಭಾಷಣ ಮಾಡ್ತಾನಾ? ಬಾಯೊಳಗೆ ನೀರು ಹೋಗಲ್ವಾ? ಈ ಹುಡುಗಿ ಸಮುದ್ರ ಹಾಗಿರಲಿ, ಬಕೆಟ್ ನೀರೂ ನೋಡಿಲ್ಲ!”

ಸೊಸೆ ಬಿದ್ದು ಬಿದ್ದು ನಕ್ಕಳು. ನಗುತ್ತಲೇ ಅಷ್ಟನ್ನೂ ಟೈಪ್ ಮಾಡಿ ಕಥೆಯ ಕೆಳಗೆ ಹಾಕಿಬಿಟ್ಟಳು. ಸಂಜೆಯೊಳಗೆ ಗೇಲಿ ಮಾಡುವ ಓದುಗರ ದಂಡೇ ಬಂತು. ಒಬ್ಬರು ಬಕೆಟ್ ಎಂದರೆ ಇನ್ನೊಬ್ಬರು ಚೊಂಬು ಎಂದರು. ಮರುದಿನ ಕಡಲಹಕ್ಕಿ ಬರೆದಳು: “ಇದು ನನ್ನ ಮೊದಲ ಕಥೆ. ಬಕೆಟ್ ನೀರೂ ನೋಡದವಳು ಇಲ್ಲಿಗೇ ನಿಲ್ಲಿಸುತ್ತಿದ್ದೇನೆ. ಕ್ಷಮಿಸಿ.”

ಸೊಸೆ ಅದನ್ನು ಓದುತ್ತಿದ್ದಂತೆ ಅತ್ತೆ ಗೋಡೆ ಬಿಟ್ಟು ಮುಂದೆ ಬಾಗಿದರು. “ನಿಲ್ಲಿಸ್ತಾಳಾ? ಅವನಿನ್ನೂ ನೀರಲ್ಲೇ ಇದಾನಲ್ಲೇ! ಬಕೆಟ್ ಮಾತು ಅವಳಿಗೆ ಹೇಳಿದ್ಯಾರು?”

“ನೀವೇ ಅತ್ತೆ.”

“ನಿನ್ನ ಹತ್ರ ಹೇಳ್ದೆ ಕಣೇ! ಮನೇಲಿ ಗೊಣಗಿದ್ದನ್ನ ಬೀದೀಲಿ ಡಂಗುರ ಹೊಡೆಯೋದಾ?”

“ನೀವು ಹೇಳಿದ್ದು ಸರಿಯಾಗೇ ಇತ್ತಲ್ಲ...”

“ಸರಿ ಇದ್ರೆ ಕಿವೀಲಿ ಹೇಳ್ಬೇಕು. ಅದೂ ಅವಳು ಕೇಳಿದ್ರೆ. ಕೇಳಿದ್ಳಾ?”

ಸೊಸೆ ಕಥೆಯ ಆರಂಭಕ್ಕೆ ಹೋಗಿ ನೋಡಿದಳು. ಆತುರದಲ್ಲಿ ಓದದೆ ಬಿಟ್ಟಿದ್ದ ಸಾಲು ಅಲ್ಲಿತ್ತು: “ಇನ್ನೂ ಕಲಿಯುತ್ತಿದ್ದೇನೆ. ಇಷ್ಟವಾದದ್ದನ್ನು ಇಲ್ಲಿ ಹೇಳಿ. ತಪ್ಪು ಕಂಡರೆ ದಯವಿಟ್ಟು ನನಗೊಬ್ಬಳಿಗೇ ಬರೆಯಿರಿ.”

ಸೊಸೆ ತಾನು ಹಾಕಿದ್ದ ಬಕೆಟ್ ಮಾತನ್ನು ಅಳಿಸಿದಳು. ಅತ್ತೆ ಗಂಟಲು ಸರಿಮಾಡಿಕೊಂಡು ಅದೇ ಜಾಗದಲ್ಲಿ ಹೇಳಿ ಬರೆಸಿದರು.

“ಮಗಳೇ, ಬಕೆಟ್ ಮಾತು ಈ ಮುದುಕಿದು. ಎಲ್ಲರೆದುರು ಅಂದಿದ್ದಕ್ಕೆ ಎಲ್ಲರೆದುರೇ ಕ್ಷಮೆ ಕೇಳ್ತೀನಿ. ದೋಣಿ ಹತ್ತೋವಾಗ ಡಾಕ್ಟರಮ್ಮನ ಚಪ್ಪಲಿ ಒದ್ದೆ ಆಗದ ಹಾಗೆ ಅವನು ತನ್ನ ಅಂಗಿಯೊಳಗೆ ಇಟ್ಕೊಳ್ತಾನಲ್ಲ, ಅದನ್ನ ಸೊಸೆ ಕೈಲಿ ಮತ್ತೆ ಮತ್ತೆ ಓದಿಸ್ದೆ. ಬರೆಯೋದು, ಬಿಡೋದು ನಿನ್ನಿಷ್ಟ.”

“ಮುಂದಿನ ಭಾಗ ಬೇಗ ಹಾಕಿ ಅಂತ ಸೇರಿಸ್ಲಾ?”

“ಬೇಡ. ಖುಷಿಗೆ ಬರೆಯೋಳ ಕತ್ತಿನ ಮೇಲೆ ಕೂತ್ಕೋಬಾರದು.”

ಹಾಗೆಂದರೂ ಮೊಬೈಲು ಸದ್ದು ಮಾಡಿದಾಗೆಲ್ಲ ಅವರ ಕಿವಿ ನೆಟ್ಟಗಾಗುತ್ತಿತ್ತು. ಗ್ಯಾಸ್ ಬುಕಿಂಗು, ಬ್ಯಾಂಕಿನ ಜಾಹೀರಾತು, ಮಗ ತಡವಾಗಿ ಬರುತ್ತೇನೆಂದದ್ದು. ಆ ವಾರವೆಲ್ಲ ಅತ್ತೆ ಯಾವುದರ ಮೇಲೂ ಅಭಿಪ್ರಾಯ ಹೇಳದಿದ್ದುದನ್ನು ಕಂಡು ಮಗನಿಗೆ ಗಾಬರಿಯಾಯಿತು.

ಕೊನೆಗೊಂದು ಮಧ್ಯಾಹ್ನ ಕಡಲಹಕ್ಕಿಯ ಸಂದೇಶ ಬಂತು, ಅತ್ತೆಗೊಬ್ಬರಿಗೇ: “ಅಜ್ಜೀ, ಭಾಷಣ ಕತ್ತರಿಸಿದೀನಿ. ಎಲ್ಲರಿಗೂ ಹಾಕೋ ಮುಂಚೆ ನೀವೊಮ್ಮೆ ಕೇಳ್ತೀರಾ? ಬೈಯೋದಿದ್ರೆ ಬೈರಿ.”

ಅತ್ತೆ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತರು. ಸೊಸೆ ಓದಲು ಬಾಯಿ ತೆರೆದಳು.

“ತಡಿಯೇ. ಮೊದ್ಲು ಬಾಗಿಲು ಹಾಕ್ಕೊಂಡು ಬಾ. ಅವಳಿನ್ನೂ ಈ ಕಥೆ ಯಾರಿಗೂ ಹೇಳಿಲ್ಲ.”