ಮುಟ್ಟಬಾರದ ಸಮುದ್ರ

ಮೃಣ್ಮಯೀ, ಓಂಕಾರ, ಮೊಮ್ಮಕ್ಕಳಾದ ನಿಮ್ಮ ಎದುರಿಗೆ ಕೂತು ಹೇಳಲು ನನಗೆ ಸಂಕೋಚ. ಅದಕ್ಕೇ ಬರೆಯುತ್ತಿದ್ದೇನೆ. ಆಗೆಲ್ಲ ನಮ್ಮ ಕಲಘಟಗಿ ಕಡೆಯ ಹಳ್ಳಿಯಲ್ಲಿ ಒಂದು ದಿನದ ಪ್ರವಾಸಕ್ಕೆ ಒಂದು ತಿಂಗಳು ತಯಾರಿ ನಡೆಯುತ್ತಿತ್ತು.

ನಾನು ಶಾಲೆಯಲ್ಲಿ ಆರನೆಯ ಇಯತ್ತೆಯಲ್ಲಿದ್ದೆ. ಬರುವ ತಿಂಗಳ ಒಂದು ಐತವಾರ ಕಾರವಾರಕ್ಕೆ ಹೋಗೋಣವೆಂದು ಹೇಳಿ, ಮಾಸ್ತರರು ಹಲಗೆಯ ಮೇಲೆ ಬಂದರನ್ನೇ ಬರೆದರು. ಇಲ್ಲಿ ಹಡಗು ನಿಲ್ಲುವ ಕಟ್ಟೆ, ಇಲ್ಲಿ ದೀಪಸ್ತಂಭ, ಹಿಂದೆ ಮೆಣಸು ಹೋಗುತ್ತಿದ್ದ ದಾರಿ ಇದು. ಎರಡು ದಿನ ಆ ಹಲಗೆಯನ್ನು ಯಾರೂ ಒರೆಸಲಿಲ್ಲ. ಮಧ್ಯಾಹ್ನ ಅಂಗಳದಲ್ಲಿ ಸಾಲಾಗಿ ಕೂತು ಬಸ್ಸಿನ ಆಟ ಆಡುತ್ತಿದ್ದೆವು. ಅರಬೈಲು ಘಟ್ಟ ಬಂತೆಂದರೆ ಎಲ್ಲರೂ ಒಂದೇ ಕಡೆ ವಾಲಿ ನಿಂಬೆಹಣ್ಣು ಮೂಸಬೇಕು. ಇದ್ದದ್ದು ಒಂದೇ ಹಣ್ಣು. ಕೈಯಿಂದ ಕೈಗೆ ಹೋಗಿ ಅದು ಬೆವರು ನಾರುತ್ತಿತ್ತು. ನನ್ನ ಕನಸಿನಲ್ಲಿ ಹಡಗು ನಮ್ಮ ಭತ್ತದ ಗದ್ದೆಯ ಮೇಲೆಯೇ ತೇಲಿ ಬರುತ್ತಿತ್ತು.

ಅಷ್ಟರಲ್ಲಿ ನನ್ನ ಅಜ್ಜಿ ಪಂಚಾಂಗ ತೆಗೆಸಿದಳು. ಆ ಐತವಾರ ಹುಣ್ಣಿಮೆಯೂ ಅಲ್ಲ, ಅಮಾವಾಸ್ಯೆಯೂ ಅಲ್ಲ. ಅವೆರಡು ಬಿಟ್ಟು ಬೇರೆ ದಿನ ಸಮುದ್ರ ಮುಟ್ಟಬಾರದೆಂಬುದು ಅವಳ ನೇಮ. "ಹುಡುಗಿ ಹೋಗೂದು ಬ್ಯಾಡ" ಎಂದುಬಿಟ್ಟಳು. ಬೇಡಿಕೊಳ್ಳುವ ಧೈರ್ಯ ನನಗಿರಲಿಲ್ಲ. ಭತ್ತದ ಚೀಲಗಳ ಹಿಂದೆ ಕೂತು ಅತ್ತೆ.

ಸುದ್ದಿ ತಿಳಿದು ಮಾಸ್ತರರೇ ಮನೆಗೆ ಬಂದರು.

"ಅಮ್ಮಾರ, ಹಡಗ ನೋಡಲಿಕ್ಕೂ ತಿಥಿ ಬೇಕೇನ್ರಿ?"

"ನೋಡಲಿಕ್ಕೆ ಬ್ಯಾಡ್ರಿ. ಮುಟ್ಟಲಿಕ್ಕೆ ಬೇಕು."

"ಹಂಗಾದ್ರ ಬರೇ ನೋಡ್ತಾಳ. ನಾ ಹೊಣಿ."

"ನಿಮ್ಮ ಹೊಣಿ ಗೊತ್ತದ ಬಿಡ್ರಿ. ಹೋದ ವರ್ಷ ಮೂವತ್ತ ಹುಡುಗರನ್ನ ಕರಕೊಂಡು ಹೋಗಿ ಇಪ್ಪತ್ತೊಂಬತ್ತ ತಂದ್ರಿ!"

"ಅಂವಾ ಮರುದಿನ ಸಿಕ್ಕನಲ್ರಿ!"

ಅಜ್ಜಿಗೆ ನಗು ತಡೆಯಲಾಗಲಿಲ್ಲ. ನನ್ನ ಕಡೆ ತಿರುಗಿ, "ಬೆರಳ ಸುದ್ಧಾ ತಾಗಸಬಾರದು, ತಿಳೀತ?" ಎಂದಳು.

ಕಾರವಾರದಲ್ಲಿ ಉಳಿದವರೆಲ್ಲ ನೀರಿಗಿಳಿದರು. ನಾನು ಅವರ ಬುತ್ತಿಗಂಟುಗಳನ್ನು ಕಾಯುತ್ತ ಒಣ ಉಸುಕಿನಲ್ಲಿ ನಿಂತೆ. ತೆರೆ ಬಂದಾಗಲೆಲ್ಲ ಹಿಂದೆ ಸರಿದೆ. ದೂರದಲ್ಲಿ ಒಂದು ಹಡಗು ಹೊರಟಿತ್ತು. ಅದನ್ನೇ ನೋಡುತ್ತ ಮೈಮರೆತಾಗ ಕಾಲು ಒದ್ದೆಯಾಯಿತು.

ಮರುದಿನ ಬೆಳಿಗ್ಗೆ ಅಜ್ಜಿ ಅಕ್ಕಿ ಹಸನು ಮಾಡುತ್ತ ಕೇಳಿದಳು: "ಮುಟ್ಟಿದ್ಯೇನ?"

"ನಾ ಮುಟ್ಟಲಿಲ್ಲ ಅಜ್ಜಿ. ಅದ ಬಂದು ಮುಟ್ಟಿತು."

ಮೊರದಲ್ಲಿ ಅವಳ ಕೈ ನಿಂತಿತು. ಬೈಗುಳಕ್ಕೆ ಕಾದು ಕಣ್ಣು ಮುಚ್ಚಿದೆ.

"ತಣ್ಣಗಿತ್ತೇನ?" ಎಂದಳು, ಮೆಲ್ಲಗೆ.

ಅವಳು ಸಮುದ್ರವನ್ನು ನೋಡಿಯೇ ಇಲ್ಲವೆಂದು ನನಗೆ ಆಗ ತಿಳಿಯಿತು.

"ಬೆಚ್ಚಗಿತ್ತು. ಹಿಂದ ಹೋಗಬೇಕಾದ್ರ ಕಾಲ ಕೆಳಗಿನ ಉಸುಕ ಎಳಕೊಂಡು ಹೋತು."

ಆಚೆ ದಂಡೆ ಕಾಣುತ್ತದೆಯೇ, ಹಡಗಿನವರು ಅಡುಗೆ ಎಲ್ಲಿ ಮಾಡುತ್ತಾರೆ ಎಂದು ಆ ದಿನವೆಲ್ಲ ಕೇಳಿದಳು. ನಾನು ಅಷ್ಟು ಮಾತಾಡಿದ್ದು ಅದೇ ಮೊದಲು.

ಮದುವೆಯಾಗಿ ಮುಂಬಯಿ ಕಡೆಯ ಖಡಕಿ ಊರಿಗೆ ಬಂದ ಮೇಲೆ ನಿಮ್ಮ ಅಜ್ಜನ ಜೊತೆ ಮುಂಬಯಿಯ ಸಮುದ್ರವನ್ನು ಎಷ್ಟೋ ಸಲ ನೋಡಿದೆ. ನನ್ನ ಅಜ್ಜಿಯನ್ನು ಕರೆತರಬೇಕು ಎಂದುಕೊಳ್ಳುವಷ್ಟರಲ್ಲಿ ಅವಳು ಹೋಗಿಬಿಟ್ಟಿದ್ದಳು. ಈಗ ಯಾರಾದರೂ ಸಮುದ್ರಕ್ಕೆ ಹೋಗಿ ಬಂದರೆ ಅವರಿಗಿಂತ ಮೊದಲು ಫೋಟೋ ಮನೆಗೆ ಬಂದಿರುತ್ತದೆ. ನೀರು ಹೇಗಿತ್ತೆಂದು ಕೇಳುವವರಿಲ್ಲ. ಕೇಳುವವಳೊಬ್ಬಳು ನಮ್ಮ ಮನೆಯಲ್ಲಿದ್ದಳು. ಈ ಹಾಳೆಗಳನ್ನು ಜೋಪಾನವಾಗಿ ಇಡಿ, ಮಕ್ಕಳೇ.