ಸುಕ್ಕಿಲ್ಲದ ಚೂರು

ವೀಬ್ಕೆ ಥೀಸನ್ ಅವರ ಕೋಣೆಗೆ ಕಿಟಕಿಯಿಲ್ಲ. ಹ್ಯಾಂಬರ್ಗ್‌ನ ಆಸ್ಪತ್ರೆಯೊಂದರ ನೆಲಮಾಳಿಗೆಯಲ್ಲಿ ಬೆಳಗಾಯಿತೆಂದು ಹೇಳುವುದು ಗೋಡೆಯ ಗಡಿಯಾರ. ಆರೂವರೆಗೆ ಅವರು ಅಂಗಾಂಶವನ್ನು ಹೆಪ್ಪುಗಟ್ಟಿಸಿ ಕತ್ತರಿಸುವ, ಮೈನಸ್ ಇಪ್ಪತ್ತು ಡಿಗ್ರಿಯ ಪೆಟ್ಟಿಗೆಯೊಳಗೆ ಹೊಸ ಬ್ಲೇಡು ಕೂರಿಸುತ್ತಾರೆ.

ಎಂಟೂವರೆಗೆ ಮೊದಲ ಡಬ್ಬಿ ಬರುತ್ತದೆ. ಒಳಗೆ ಅಕ್ರೋಟಿನ ಗಾತ್ರದ ಪ್ರಾಸ್ಟೇಟ್ ಗ್ರಂಥಿ. ಅದರ ಒಡೆಯ ಬಂದರಿನಲ್ಲಿ ಹಡಗು ಎಳೆಯುವ ದೋಣಿಯ ಚಾಲಕ, ವಯಸ್ಸು ಐವತ್ತನಾಲ್ಕು; ಮೇಲಿನ ಮಹಡಿಯ ಮೇಜಿನ ಮೇಲೆ ಇನ್ನೂ ಅರಿವಿಲ್ಲದೆ ಮಲಗಿದ್ದಾನೆ. ಶಿಶ್ನ ನಿಮಿರಲು ಬೇಕಾದ ನರಗಳು ಈ ಗ್ರಂಥಿಯ ಎರಡೂ ಮಗ್ಗುಲಿಗೆ ಅಂಟಿಕೊಂಡಿರುತ್ತವೆ. ಬಲಗಡೆ ಕ್ಯಾನ್ಸರ್ ಹೊರಗೆ ಚಾಚಿತ್ತು, ಆ ನರವನ್ನು ಆಗಲೇ ತೆಗೆದಾಗಿದೆ. ಎಡಗಡೆಯ ಅಂಚನ್ನೂ ಮುಟ್ಟಿದ್ದರೆ ಉಳಿದದ್ದೂ ಹೋಗುತ್ತದೆ.

ವೀಬ್ಕೆ ಅಂಚಿಗೆ ನೀಲಿ ಶಾಯಿ ಬಳಿದು, ಹೆಪ್ಪುಗಟ್ಟಿಸಿ, ಕೂದಲಿನ ಹತ್ತನೇ ಒಂದು ಭಾಗದಷ್ಟು ತೆಳ್ಳಗೆ ಕತ್ತರಿಸುತ್ತಾರೆ. ದಿನಕ್ಕೆ ಐದು ಜನ ಗಂಡಸರು, ಹತ್ತೊಂಬತ್ತು ವರ್ಷಗಳಿಂದ. ಒಬ್ಬನ ಮುಖವನ್ನೂ ಅವರು ಕಂಡಿಲ್ಲ.

"ಕ್ಯಾನ್ಸರ್ ಬಗ್ಗೆ ಗಂಡಸ್ರೇ ಕೇಳ್ತಾರಂತೆ. ಈ ನರದ ಬಗ್ಗೆ ಕೇಳೋಕೆ ಹೆಂಡ್ತೀನ ಮುಂದೆ ತಳ್ತಾರಂತೆ," ಎನ್ನುತ್ತಾರೆ. "ಇವನು ಮಾತ್ರ ತಾನೇ ಕೇಳಿದ್ನಂತೆ."

ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟ ವೈದ್ಯೆ ಅಂಚಿನಲ್ಲಿ ಕಪ್ಪು ಕಾಣುತ್ತಿದೆ, ಮುಟ್ಟಿದಂತಿದೆ ಎನ್ನುತ್ತಾರೆ. ವೀಬ್ಕೆ ಗಾಜನ್ನು ಬೆಳಕಿಗೆ ಹಿಡಿದು ನೋಡುತ್ತಾರೆ. ಅದು ಚೂರು ಮಡಚಿ ಬಿದ್ದ ಸುಕ್ಕು, ಮತ್ತೆ ಕತ್ತರಿಸುತ್ತೇನೆ ಎನ್ನುತ್ತಾರೆ. ಅಷ್ಟರಲ್ಲಿ ಫೋನಿನಲ್ಲಿ ಶಸ್ತ್ರವೈದ್ಯ ಓಲ್ಟ್‌ಮನ್.

"ಏನ್ರೀ ಥೀಸನ್, ಮೀನು ಹೆಚ್ತಾ ಇದೀರಾ?"

"ಮೀನಾಗಿದ್ರೆ ಮುಳ್ಳಾದ್ರೂ ಕಾಣ್ತಿತ್ತು ಡಾಕ್ಟ್ರೇ. ಒಂಬತ್ತು ನಿಮಿಷ ಕೊಡಿ."

ಓಲ್ಟ್‌ಮನ್ ಕೇಳಿದಷ್ಟು ಸಮಯ ಕೊಡುತ್ತಾರೆ. ಕಾರಣ ಇಬ್ಬರಿಗೂ ಗೊತ್ತು. ಕೆಲಸಕ್ಕೆ ಸೇರಿದ ಎರಡನೇ ವರ್ಷ, ವೀಬ್ಕೆ ಅವಸರದಲ್ಲಿ ಸುಕ್ಕುಬಿದ್ದ ಚೂರನ್ನೇ ಕಳಿಸಿದ್ದರು. ಆ ಕಪ್ಪನ್ನು ಕ್ಯಾನ್ಸರ್ ಎಂದು ಓದಿ ಆ ರೋಗಿಯ ನರ ತೆಗೆದರು. ವಾರದ ನಂತರದ ವರದಿಯಲ್ಲಿ ಆ ನರದ ಬಳಿ ಕ್ಯಾನ್ಸರ್ ಇರಲಿಲ್ಲ. ಯಾರೂ ಬೈಯಲಿಲ್ಲ. "ಬೈದಿದ್ರೆ ಮರ್ತುಬಿಡ್ತಿದ್ದೆ," ಎನ್ನುತ್ತಾರೆ.

ಈ ಸಲ ಚೂರು ಬ್ರಷ್ಷಿನ ತುದಿಗೆ ಸಪಾಟಾಗಿ ಬರುತ್ತದೆ. ಬಣ್ಣ ಹಾಕಿ ಕೊಡುತ್ತಾರೆ. ನೀಲಿ ಅಂಚು ಸ್ವಚ್ಛವಾಗಿದೆ. ಎಡ ನರ ಉಳಿಯುತ್ತದೆ. ಒಂದೇ ನರದಿಂದ ಅವನಿಗೆ ಎಷ್ಟು ದಕ್ಕುತ್ತದೆಂದು ತಿಳಿಯಲು ವರ್ಷವೋ ಎರಡು ವರ್ಷವೋ ಬೇಕು. ಅದನ್ನು ನೆಲಮಾಳಿಗೆಗೆ ಬಂದು ಯಾರೂ ಹೇಳುವುದಿಲ್ಲ.

ಎರಡನೇ ಡಬ್ಬಿ ಬರುವ ಮುನ್ನ ವೀಬ್ಕೆ ಆರಿದ ಕಾಫಿ ಕುಡಿಯುತ್ತಾರೆ. ಅವರು ಕತ್ತರಿಸಿದ ಚೂರಿನ ಸುಕ್ಕಿನಿಂದ ಹೋದ ನರಗಳೆಷ್ಟು ಎಂದು ಕೇಳಿದರೆ ಲೆಕ್ಕ ಹಾಕಬೇಕಿಲ್ಲ.

"ಒಂದು. ಇವತ್ತಿಗೂ ಒಂದೇ."